ಎರಡು ಚುಕ್ಕೆಯ ಬಾಗಿಲು

ಬಾಗಿಲು ಅಲ್ಲಾಡಲಿಲ್ಲ. ಕರಡು ತಿದ್ದುವವನು ಭುಜ ಕೊಟ್ಟು ನೂಕಿದ, ಕೈ ನೋಯುವವರೆಗೆ ಬಡಿದ. ಹೊರಡುವ ಮುನ್ನ ಒಂದೇ ಒಂದು ಕರಡು ಇಟ್ಟು ಬರೋಣವೆಂದು ಕಡತದ ಕೋಣೆ ಹೊಕ್ಕಿದ್ದ, ಅಷ್ಟೆ. ಕಿಟಕಿಯಿಲ್ಲ. ಕಚೇರಿಯವರೆಲ್ಲ ಆಗಲೇ ಅವನ ಮದುವೆಗೆಂದು ನೋಂದಣಿ ಕಚೇರಿಗೆ ಹೋಗಿ ಕೂತಿದ್ದರು. ಅದು ಮುಚ್ಚುವುದು ಐದಕ್ಕೆ. ಈಗ ನಾಲ್ಕೂ ಕಾಲು. ದಾರಿಯೇ ಅರ್ಧ ಗಂಟೆ. ಅಲ್ಲಿಂದ ಯಾರಾದರೂ ಬಂದು ಬಿಡಿಸುವಷ್ಟು ಹೊತ್ತಿಲ್ಲ.

ಐವತ್ತೆರಡನೆಯ ವಯಸ್ಸಿಗೆ ಕೂಡಿಬಂದ ಮದುವೆ. ಹೋದ ತಿಂಗಳು ಧೈರ್ಯ ಸಾಲದೆ ಒಮ್ಮೆ ಮುಂದೂಡಿದ್ದ ಬೇರೆ. ಇವತ್ತೂ ತಪ್ಪಿದರೆ ಮದುಮಗಳು ಎದ್ದು ಹೋಗುತ್ತಾಳೆ. ಹೋಗಬೇಕಾದದ್ದೇ.

ಬೀಗದ ಪುಟ್ಟ ತೆರೆಯ ಮೇಲೆ “ಬಾಗಿಲು ಮುಚ್ಚಿದೆ..” ಎಂದಿತ್ತು. ಬೀಗ ಅವನ ಕಂಪನಿಯೇ ಮಾಡಿದ್ದು. ಬೇರೆ ಊರಿನಲ್ಲಿದ್ದ ಸಹಾಯವಾಣಿಗೆ ಫೋನ್ ಮಾಡಿದ.

“ಕೈಪಿಡೀಲಿ ಈ ಸಾಲು ಮೂರು ಕಡೆ ಇದೆ ಸರ್,” ಎಂದಳು ಹುಡುಗಿ. “ಒಂದೊಂದಕ್ಕೂ ಬೇರೆ ಗುಂಡಿ. ತಪ್ಪು ಒತ್ತಿದ್ರೆ ಎರಡು ಗಂಟೆ ತೆಗೆಯೋದೇ ಇಲ್ಲ.”

“ಕೊನೇಲಿ ಎರಡು ಚುಕ್ಕೆ ಇದೆಯಮ್ಮಾ.”

“ಇಲ್ಲಿ ಮೂರರಲ್ಲೂ ಒಂದೇ ಚುಕ್ಕೆ.”

ಮೂಲ ಪ್ರತಿಯಲ್ಲಿ ಒಂದಕ್ಕೆ ಚುಕ್ಕೆಯೇ ಇರಲಿಲ್ಲ, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಮೂರನ್ನೂ ಒಪ್ಪ ಮಾಡಿದ ಪುಣ್ಯಾತ್ಮ ಅವನೇ. ಕೈಪಿಡಿ ಬರೆದವರು ಬಾಯಿ ಬಾಯಿ ಬಡಿದುಕೊಂಡಿದ್ದರು: “ಉದ್ಧರಣ ಚಿಹ್ನೆಯೊಳಗೆ ತೆರೆ ಮೇಲಿದ್ದದ್ದು ಇದ್ದ ಹಾಗೇ ಇರ್ಲಿ. ಅದು ನಿಮ್ಮ ಸಾಲಲ್ಲ, ಯಂತ್ರದ್ದು.”

“ತಪ್ಪು ಅಚ್ಚಾದ್ರೆ ಜನ ಉಗಿಯೋದು ನನ್ನ ಮುಖಕ್ಕೆ,” ಎಂದು ಇವನು ಪಟ್ಟು ಹಿಡಿದಿದ್ದ. ಆರು ತಿಂಗಳ ಜಗಳ. ಫೋನಿನಲ್ಲಿ ಅವರ ಹೆಸರನ್ನು ‘ಹಠಮಾರಿ’ ಎಂದೇ ಬರೆದುಕೊಂಡಿದ್ದ. ಯಾವುದಕ್ಕೆ ಯಾವ ಗುಂಡಿ ಎಂಬುದು ಈಗ ಆ ಹಠಮಾರಿಯೊಬ್ಬರಿಗೇ ಗೊತ್ತು.

ಇವತ್ತೇ, ಎಲ್ಲ ಬಿಟ್ಟು ಇವತ್ತೇ, ಅವರ ಮುಂದೆ ಸೋಲೊಪ್ಪಬೇಕೆ? ಬೇರೆ ಯಾರ ಕಾಲು ಬೇಕಾದರೂ ಹಿಡಿದಾನು. ನಾಲ್ಕು ಇಪ್ಪತ್ತೈದಾಯಿತು. ಮರ್ಯಾದೆಯನ್ನು ಮೂಟೆ ಕಟ್ಟಿಟ್ಟು ಫೋನ್ ಮಾಡಿದ.

ಮೊದಲ ರಿಂಗಿಗೇ ಎತ್ತಿದರು. ಹಿಂದೆ ಹತ್ತಾರು ಜನರ ಗಜಿಬಿಜಿ.

“ನೀವು ಹೇಳಿದ್ದೇ ಸರಿ,” ಎಂದ. “ಕಡತದ ಕೋಣೇಲಿ ಸಿಕ್ಕಿಹಾಕ್ಕೊಂಡಿದೀನಿ. ಎರಡು ಚುಕ್ಕೆ.”

ಆ ಕಡೆಯಿಂದ ನಗು ತಡೆದ ದನಿ: “ಇವತ್ತೂ ಕರಡು ಬಿಡ್ಲಿಲ್ವಾ? ಕೆಳಗಿನ ಗುಂಡಿ. ಹತ್ತು ಎಣಿಸೋವರೆಗೂ ಒತ್ತಿ ಹಿಡೀರಿ.”

ಹತ್ತು ಎಣಿಸಿದ. ಬೀಗ ಕಳಚಿತು. “ತೆಗೀತು!” ಎಂದು ಕೂಗಿದ.

“ಹಾಗಾದ್ರೆ ಓಡಿ ಬನ್ನಿ. ವಧು ಅನ್ನೋ ಕಡೆ ನಾನು ಸಹಿ ಹಾಕಿ ಆಯ್ತು. ಐದರೊಳಗೆ ಬರದಿದ್ರೆ ವರನ ಹೆಸರನ್ನ ನಾನೇ ತಿದ್ದಿಬಿಡ್ತೀನಿ.”