ಅಸಲಿ ಕಬ್ಬಿಣ

ಜಗತ್ತಿನ ಕಬ್ಬಿಣವನ್ನೆಲ್ಲ ಕಣ್ಣಿಗೆ ಕಾಣದ ಹುಳುವೊಂದು ತಿಂದು ಮುಗಿಸಿ ಹತ್ತು ವರ್ಷವಾಗಿತ್ತು. ಜನ ಮರದ ಮೊಳೆಗೂ ಬಿದಿರಿನ ಬಸ್ಸಿಗೂ ಒಗ್ಗಿಹೋಗಿದ್ದರು. ಅಂಥದೊಂದು ಬಸ್ಸಿನಲ್ಲಿ ಹಾಲಪ್ಪ, ಹೆಂಡತಿ ಗಂಗವ್ವನನ್ನು ಕರೆದುಕೊಂಡು, ತಾನು ಮೂವತ್ತು ವರ್ಷ ಗುತ್ತಿಗೆ ಕೂಲಿಯಾಗಿ ದುಡಿದ ಕಬ್ಬಿಣದ ಕಾರ್ಖಾನೆ ನೋಡಲು ಬಂದ. ಅದೀಗ ಮ್ಯೂಸಿಯಂ. ಕಬ್ಬಿಣ ಕರಗಿಸುವ ಫರ್ನೇಸೇನೋ ಅಲ್ಲೇ ಇತ್ತು, ಆದರೆ ಪ್ಲಾಸ್ಟಿಕ್ಕಿನದು. ಹಾಲಪ್ಪ ತಟ್ಟಿದರೆ ನೀರಿನ ಡ್ರಮ್ಮಿನಂತೆ ಡಬಡಬ ಎಂದಿತು.

"ಈ ಡಬ್ಬ ತೋರ್ಸಕ್ಕೆ ಕರ್ಕಂಡ್ ಬಂದ್ರಾ?" ಎಂದಳು ಗಂಗವ್ವ.

ಮುಟ್ಟಿದ ತಪ್ಪಿಗೆ ಕಾವಲುಗಾರ ತಪಾಸಣೆಗೆ ಬಂದ. ಅವನ ಕೈಯಲ್ಲಿದ್ದ ಕಬ್ಬಿಣ ಹುಡುಕುವ ಯಂತ್ರ, ಹತ್ತು ವರ್ಷದಿಂದ ತೆಪ್ಪಗಿದ್ದದ್ದು, ಹಾಲಪ್ಪನ ಹೆಗಲ ಬಳಿ ಕಿರುಚಿಕೊಂಡಿತು. ಹಿಂದೊಮ್ಮೆ ಫರ್ನೇಸು ಸಿಡಿದಾಗ ಅಲ್ಲಿ ಹೊಕ್ಕ ಕಬ್ಬಿಣದ ಚೂರು ಅದು. ಗುತ್ತಿಗೆಯವರಿಗೆ ಆಸ್ಪತ್ರೆ ಸೌಲಭ್ಯವಿಲ್ಲವೆಂದು ಕಂಪನಿ ವಾಪಸು ಕಳಿಸಿದ್ದರಿಂದ ಮೈಯೊಳಗೇ ಉಳಿದು, ಹುಳುವಿನ ಬಾಯಿಂದ ತಪ್ಪಿಸಿಕೊಂಡಿತ್ತು.

ಮ್ಯೂಸಿಯಮ್ಮಿನ ನಿರ್ದೇಶಕರು ಓಡಿಬಂದು ಕೈಮುಗಿದರು. "ಯಜಮಾನ್ರೇ, ನಮ್ಮಲ್ಲಿರೋ ಅಸಲಿ ಕಬ್ಬಿಣ ಅಂದ್ರೆ ನೀವೊಬ್ರೇ! ಗಾಜಿನ ಕೋಣೆ ಕೊಡ್ತೀವಿ, ಇಲ್ಲೇ ಇದ್ಬಿಡಿ."

ಹಾಲಪ್ಪ ಪ್ರತಿ ಆಯುಧಪೂಜೆಗೂ ಮ್ಯಾನೇಜರ ಮುಂದೆ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ: "ಕಾಯಂ ಮಾಡ್ಕಂತೀರಾ ಸಾರ್?"

"ಇವತ್ತಿಂದಲೇ ಕಾಯಂ."

ಸಂಜೆ ಗಂಗವ್ವ ಗಾಜು ತಟ್ಟಿ, "ಸಾಕು ಬರ್ರಿ, ಕೊನೇ ಬಸ್ಸು ಹೊಂಟೋಗುತ್ತೆ" ಎಂದಳು.

"ಅಮ್ಮಾ, ಮುಟ್ಬೇಡಿ" ಎಂದ ಕಾವಲುಗಾರ.

ಒಳಗೆ ಸ್ಟೂಲಿನ ಮೇಲೆ ಎದೆ ಸೆಟೆಸಿ ಕೂತಿದ್ದ ಹಾಲಪ್ಪ ಅವಳತ್ತ ತಿರುಗಿಯೂ ನೋಡಲಿಲ್ಲ.

"ಡ್ಯೂಟಿ ಟೈಮಲ್ಲಿ ಮನೆಯವರು ಬರಂಗಿಲ್ಲ" ಎಂದ.