ಒಂದೇ ಕೋಣೆಯ ಗೆಳೆಯ

ಜೀಪಿನ ಸದ್ದು ಕೇಳಿದ ಕೂಡಲೇ ಅವನು ಹಿತ್ತಿಲ ಬಾಗಿಲಿನತ್ತ ನಡೆದ. ಅಲ್ಲಿ ಹೆಂಡತಿ ಪ್ರಮೀಳಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು.

"ಆ ಕಡೆ ಎಲ್ಲಿಗ್ರೀ? ಸಾಹೇಬ್ರು ಬಂದವ್ರೆ."

ಮುಂಬಾಗಿಲಲ್ಲಿ ಸೋಮಶೇಖರ್ ನಿಂತಿದ್ದರು. ಪಿರಿಯಾಪಟ್ಟಣದ ಕಚೇರಿಯಲ್ಲಿ ಅವನ ಮೇಲಧಿಕಾರಿ. "ನಡೀರಿ ಕನಕರಾಜು, ಹನ್ನೊಂದಕ್ಕೆಲ್ಲ ಹುಣಸೂರಲ್ಲಿರ್ಬೇಕು."

ಎಲ್ಲಕ್ಕೂ ಅವರ ಒಳ್ಳೆಯತನವೇ ಕಾರಣ. ಹುಣಸೂರಿನಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಕ್ರೀಡಾ ನಿಲಯಕ್ಕೆ ಬಾಸ್ಕೆಟ್‌ಬಾಲ್ ಮುಖ್ಯ ತರಬೇತುದಾರರು ಬೇಕಾಗಿದ್ದರು. ನಮ್ಮ ಗುಮಾಸ್ತರೊಬ್ಬರು ಎಂಬತ್ತಾರರ ರಾಜ್ಯ ತಂಡದ ಆಟಗಾರರು, ಕ್ರೀಡಾ ಮೀಸಲಾತಿಯಲ್ಲೇ ಕೆಲಸಕ್ಕೆ ಬಂದವರು ಎಂದು ಸೋಮಶೇಖರ್ ತಾವಾಗಿಯೇ ಕಾಗದ ಬರೆದಿದ್ದರು. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಹೆಸರು ಅಂತಿಮ ಪಟ್ಟಿಗೆ ಬಂದ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು.

ಅವನು ಬೇಡವೆಂದ. ಮೊಣಕಾಲು ಹೋಗಿದೆ ಎಂದ.

"ಯಾವತ್ತೂ ಹೇಳ್ಲಿಲ್ವಲ್ರೀ?"

"ಆಟ ಆಡೋವಾಗ್ಲೇ ಆಗಿದ್ದು ಸಾರ್."

"ಕೋಚ್ ಆದೋನು ಓಡ್ಬೇಕಾ? ಸೀಟಿ ಊದಿದ್ರೆ ಸಾಕು. ನಿಲಯದೋರ್ಗೂ ಮೊಣಕಾಲಿನ ವಿಷ್ಯ ಹೇಳಿರ್ತೀನಿ ಬಿಡಿ."

ಮುಪ್ಪಾದ ತಾಯಿಯನ್ನು ಬಿಟ್ಟು ಬರಲಾರೆ ಎಂದ. ನಿಲಯದವರು ಮನೆಯನ್ನೇ ಕೊಡುತ್ತಾರೆಂಬ ಉತ್ತರ ಬಂತು. ಇನ್ನೊಂದು ಸಲ ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಆ ಪ್ರಶ್ನೆಯೇ ಅವನಿಗೆ ಬೇಡವಾಗಿತ್ತು.

ಮೈಸೂರಿಗೆ ಹೋಗಿ ಆಟದ ನಿಯಮಗಳ ಪುಸ್ತಕ ತಂದ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಓದಿದ.

"ಆಡಿದೋರ್ಗೂ ಪುಸ್ತಕ ಬೇಕಾ?" ಎಂದು ಪ್ರಮೀಳಾ ನಕ್ಕಳು.

"ನಿಯಮ ಎಲ್ಲಾ ಬದಲಾಗವೆ."

ಅವಳಿಗೆ ಗಂಡನ ಆಟದ ದಿನಗಳ ಒಂದು ಫೋಟೊವನ್ನಾದರೂ ನೋಡುವ ಆಸೆ. ಮನೆಯಲ್ಲಿ ಒಂದೂ ಇರಲಿಲ್ಲ. ಬೆಟ್ಟದಪುರದ ಹಳೇ ಮನೆಗೆ ಗೆದ್ದಲು ಹಿಡಿದಾಗ ಹೋದವು ಎಂದು ಅತ್ತೆ ಸೋಮಮ್ಮ ಮದುವೆಯಾದ ಹೊಸತರಲ್ಲೇ ಹೇಳಿದ್ದಳು.

ಆದರೆ ಅವನ ಊಟ ನಿದ್ದೆ ಕೆಡಿಸಿದ್ದು ಆಯ್ಕೆ ಸಮಿತಿಯ ಅಧ್ಯಕ್ಷರ ಹೆಸರು. ಗುರುಮಲ್ಲಪ್ಪ, ಸಾಲಿಗ್ರಾಮದ ದೊಡ್ಡ ವ್ಯಾಪಾರಿ. ಅದೇ ರಾಜ್ಯ ತಂಡದಲ್ಲಿ ಆಡಿದ್ದವರು. ಪಟ್ಟಿ ನೋಡಿದವರೇ, "ಕನಕರಾಜೂನಾ? ನಾವಿಬ್ರೂ ಎರಡು ವರ್ಷ ಒಂದೇ ರೂಮಲ್ಲಿದ್ವಿ" ಎಂದಿದ್ದರಂತೆ. ಸೋಮಶೇಖರ್ ಅದನ್ನು ಕುಣಿಯುತ್ತ ಬಂದು ತಿಳಿಸಿದ್ದರು.

ಗುರುಮಲ್ಲಪ್ಪ ಬಾಯಿ ಬಿಟ್ಟರೆ ಹತ್ತು ವರ್ಷದ ಕೆಲಸ, ಮನೆ, ಮಾನ ಎಲ್ಲವೂ ಒಂದೇ ದಿನದಲ್ಲಿ ಹೋಗುತ್ತಿತ್ತು.

"ಅವ್ರಿಗೂ ನಿಮ್ಗೂ ಜಗಳ ಏನಾರ ಆಗಿತ್ತಾ?" ಎಂದು ಪ್ರಮೀಳಾ ಕೇಳಿದ್ದಳು.

"ಹಳೇದೆಲ್ಲಾ ಯಾಕೆ ಬುಡು."

ಈಗ ಅಂಗಿ ತೊಟ್ಟು ಹೊರಟವನ ಕೈಯನ್ನು ಸೋಮಮ್ಮ ಹಿಡಿದುಕೊಂಡಳು. "ಓಗ್ಬ್ಯಾಡ ಕಣೋ ಚಿಕ್ಕೋನೆ." ಅವಳು ಕರೆಯುತ್ತಿದ್ದುದೇ ಹಾಗೆ. ಪ್ರಮೀಳಾಗೆ ಆ ಮುದ್ದಿನ ಹೆಸರು ಕೇಳಿದಾಗಲೆಲ್ಲ ನಗು. ಅವನು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಜೀಪಿನಲ್ಲಿ ಒಂದು ಕಡೆ ಸೋಮಶೇಖರ್, ಇನ್ನೊಂದು ಕಡೆ ಕಚೇರಿಯ ಮಾದೇವ. ನಡುವೆ ಅವನು. ಹೊಗೆಸೊಪ್ಪಿನ ಹೊಲಗಳು ಹಿಂದೆ ಸರಿದವು. ಜೀಪು ನಿಂತರೆ ಇಳಿದು ಓಡಬಹುದೆಂದು ಯೋಚಿಸಿದ. ಎಲ್ಲೂ ನಿಲ್ಲಲಿಲ್ಲ.

ನಿಲಯದ ಅಂಗಳದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಎತ್ತರದ ಹುಡುಗಿಯೊಬ್ಬಳು ಚೆಂಡು ತಂದು ಅವನ ಕೈಗಿಟ್ಟಳು.

"ಒಂದ್ಸಲ ಹಾಕಿ ತೋರ್ಸಿ ಸಾರ್."

ಚೆಂಡು ಅವನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಸಮಿತಿಯ ಇಬ್ಬರು ಸದಸ್ಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬುಟ್ಟಿಯತ್ತ ನೋಡಿದ. ಒದ್ದೆಯಾದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ಅವನ ಕೈಲಿ ಈಗ ಎಗರೋಕಾಗಲ್ಲ, ಬುಡ್ರಮ್ಮ!"

ದಪ್ಪ ದನಿ. ಬಾಗಿಲಲ್ಲಿ ಬಿಳಿ ಪಂಚೆಯ ಆಜಾನುಬಾಹು. ಗುರುಮಲ್ಲಪ್ಪ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಅವನೂ ದಿಟ್ಟಿಸಿದ. ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದ.

ಮರುಕ್ಷಣ ಎರಡು ತೋಳುಗಳು ಅವನನ್ನು ಬಾಚಿ ತಬ್ಬಿಕೊಂಡವು. ಚೆಂಡು ಉರುಳಿಹೋಯಿತು.

"ಏನಯ್ಯಾ ಕನಕ! ಒಂದ್ ಕಾಗ್ದನಾದ್ರೂ ಹಾಕಿದ್ಯಾ?" ಗುರುಮಲ್ಲಪ್ಪ ಸಮಿತಿಯವರತ್ತ ತಿರುಗಿದರು. "ಇವ್ನ ಮೊಣಕಾಲು ಹೋಗಿದ್ದು ನನ್ನ ಕಣ್ಣೆದುರಿಗೇ. ಫೈನಲ್ ದಿನ. ನಾನೇ ಹೊತ್ಕೊಂಡು ಹೋಗಿದ್ದು. ಅಲ್ವೇನಯ್ಯಾ?"

ಅವನ ಕೈ ಇನ್ನೂ ಅವರ ಹಿಡಿತದಲ್ಲಿತ್ತು. ಅವರ ಅಂಗೈಯೂ ಒದ್ದೆಯಾಗಿತ್ತು.

"ಹೇಳಯ್ಯಾ ಇವ್ರಿಗೆ. ಒಟ್ಗೇ ಆಡಿದ್ವೋ ಇಲ್ವೋ?" ಹಿಡಿತ ಬಿಗಿಯಾಯಿತು.

"ಆಡಿದ್ವಿ," ಎಂದ ಅವನು. "ಒಟ್ಟಿಗೇ ಆಡಿದ್ವಿ."

ಸಮಿತಿಯವರು ಚಪ್ಪಾಳೆ ತಟ್ಟಿದರು. ಅಲ್ಲೇ ಆದೇಶ ಬರೆಸಿದರು. ಸೋಮವಾರ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿರಬೇಕು. ಅವನು ಸಹಿ ಹಾಕಿದ.

ಸಂಜೆ ಪ್ರಮೀಳಾ ಸಕ್ಕರೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋದಳು. ಸೋಮಮ್ಮ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕುಕ್ಕರಿಸಿದ. ಅವಳು ತಲೆಯೆತ್ತಲಿಲ್ಲ.

"ಆವಯ್ಯ ಏನಂದ?"

"ಏನೂ ಅನ್ನಲಿಲ್ಲ ಕಣವ್ವ. ನೋಡಿದ ತಕ್ಷಣ ಕನಕ ಅಂತ ತಬ್ಕೊಂಡ್ರು."

ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಸೋಮಮ್ಮ ಮಗನ ಮುಖ ನೋಡಿದಳು.

"ಅಂಗಾರೆ ಆವಯ್ಯ ನಿಮ್ಮಣ್ಣ ಕನಕನ್ನ ನೋಡೇ ಇಲ್ಲ ಕಣ್ಮಗಾ."