ಶುಂಠಿಯ ವಾಕಿಂಗ್

ಈ ಸಲ ನಾಯಿ ಶುಂಠಿಯನ್ನು ಬಿಟ್ಟು ಪ್ರವಾಸ ಹೋಗುವುದೇ ಇಲ್ಲ ಎಂದು ಹೆಂಡತಿ ಹಟ ಹಿಡಿದಳು. ಹಾಗಾಗಿ ಶುಂಠಿಯ ಜೊತೆ ಅದರ ಮೊಸರಿನ ಡಬ್ಬಿಯೂ ಕಾರು ಹತ್ತಿತು. ಮೊಟ್ಟೆ ಹೊಸಿಲು ದಾಟದ ಮನೆ ಅವರದು. ನಾಯಿಯೂ ಮೊಸರನ್ನ ತಿಂದೇ ಬೆಳೆದದ್ದು ಎಂದು ಅವಳಿಗೆ ಹೆಮ್ಮೆ. ದಿನಾ ಸಂಜೆ ಅದನ್ನು ಸುತ್ತಾಡಿಸುವುದು ಮಾತ್ರ ಗಂಡನ ಕೆಲಸ. ಜ್ವರ ಬಂದರೂ ಅವನು ತಪ್ಪಿಸಿದವನಲ್ಲ.

ಸಮುದ್ರದ ಊರಿನಲ್ಲಿ ಮೊದಲ ಸಂಜೆ ಸರಪಳಿ ಕೈಗೆತ್ತಿಕೊಂಡವಳು ಹೆಂಡತಿ.

"ನೀನ್ಯಾಕೆ? ನಾನೇ ಹೋಗ್ತೀನಿ," ಎಂದು ಗಂಡ ಧಡಕ್ಕನೆ ಎದ್ದ.

"ರಜಾ ಅಂದ್ಮೇಲೆ ನಿಮಗೂ ರಜಾ ಬೇಡ್ವೇನ್ರೀ? ಕೂತ್ಕೊಳ್ಳಿ."

ಒಂದು ಗಂಟೆ ಕಳೆಯಿತು. ಅವನ ಕಾಫಿ ಆರಿ ತಣ್ಣಗಾಯಿತು. ಕೊನೆಗೆ ಬಾಯಿ ನೆಕ್ಕಿಕೊಳ್ಳುತ್ತ ಶುಂಠಿ ಬಂತು, ಹಿಂದೆಯೇ ಹೆಂಡತಿ.

"ನೆಟ್ಟಗೆ ಆಮ್ಲೆಟ್ ಗಾಡಿ ಮುಂದೆ ಹೋಗಿ ಕೂತು ಕೈ ಎತ್ತಿತು ಕಣ್ರೀ. ಎಳೆದ್ರೂ ಏಳ್ಲಿಲ್ಲ."

"ವಾಸ್ನೆಗಿರಬೇಕು ಕಣೇ. ಎಷ್ಟಂದ್ರೂ ನಾಯಿ ಅಲ್ವಾ."

"ನಾನೂ ಹಾಗೇ ಅಂದೆ. ಗಾಡಿಯವನು ನಕ್ಕುಬಿಟ್ಟ. ದಿನಾ ಯಾರೋ ಕೂರಿಸಿ ತಿನ್ನಿಸಿರೋ ನಾಯಿನೇ ಅಮ್ಮಾ ಹೀಗೆ ಕೂರೋದು ಅಂದ."

ಗಂಡ ತಲೆ ತಗ್ಗಿಸಿದ.

"ಎಷ್ಟು ವರ್ಷದಿಂದ?"

"ಆರು."

"ಇಬ್ಬರೂನಾ?"

"ಹ್ಞೂಂ."

ಹೆಂಡತಿ ಸೆರಗಿನಿಂದ ತುಟಿ ಒರೆಸಿಕೊಂಡಳು. "ನಾಳೆ ಮೂವರೂ ಹೋಗೋಣ. ನನ್ನದಕ್ಕೆ ಮೆಣಸಿನಕಾಯಿ ಜಾಸ್ತಿ ಆಗಿತ್ತು, ನೀವೇ ಹೇಳಿ ಮಾಡಿಸಿ."